ಚೀಲ ಹೊತ್ತು ನಿಂತರೆ ಕೆಲಸ ಸೊನ್ನೆಯಂತೆ. ಹಾಗಾದರೆ ಬೆವರು ಯಾಕೆ?

ಓದುಗರ ಪ್ರಶ್ನೆ: ಸರ್, ನಮ್ಮಪ್ಪ ಕಲಬುರಗಿ ಗಂಜಿನಾಗ ಹಮಾಲಿ ಮಾಡ್ತಾರ. ತಲಿ ಮ್ಯಾಲ ಚೀಲ ಹೊತ್ಕೊಂಡು ಸುಮ್ನ ನಿಂತ್ರ ಮಾಡಿದ ಕೆಲಸ ಸೊನ್ನೆ ಅಂತ ಒಂಬತ್ತನೇ ಕ್ಲಾಸಿನ ಪಾಠದಾಗ ಬರ್ತದ. ಹಂಗಾದ್ರ ಅವ್ರಿಗಿ ಸುಸ್ತು ಯಾಕ ಆಗ್ತದ್ರಿ?

ಉತ್ತರ: ಪಾಠದಲ್ಲಿ ತಪ್ಪಿಲ್ಲ. ಆದರೆ ಆ ಸೊನ್ನೆ ಚೀಲದ ಲೆಕ್ಕದ್ದು, ನಿಮ್ಮ ತಂದೆಯವರ ಲೆಕ್ಕದ್ದಲ್ಲ. ಪಾಠ ಮಾಡುವವರು ಈ ಒಂದು ಮಾತು ಸೇರಿಸಲೇಬೇಕು. ಇಲ್ಲದಿದ್ದರೆ ದುಡಿಯುವವರ ಮನೆಯ ಮಕ್ಕಳಿಗೆ ಅದು ಬೇರೆಯದೇ ಥರ ಕೇಳಿಸುತ್ತದೆ.

ಗಂಜಿನ ಅಡತಿ ಅಂಗಡಿಯ ಖಾತೆ ಪುಸ್ತಕ ನೋಡಿರಬಹುದು. ಒಬ್ಬರ ಖಾತೆಯಿಂದ ಹಣ ಹೋಯಿತು ಅಂದರೆ ಇನ್ನೊಂದು ಕಡೆ ಅದು ಜಮಾ ಆಗಿರಲೇಬೇಕು. ಶಕ್ತಿಯ ಲೆಕ್ಕವೂ ಹೀಗೇ. ಶಕ್ತಿ ಹುಟ್ಟುವುದಿಲ್ಲ, ಸಾಯುವುದಿಲ್ಲ, ಖಾತೆ ಬದಲಾಯಿಸುತ್ತದೆ. ಒಂದು ವಸ್ತುವನ್ನು ಬಲ ಹಾಕಿ ಜರುಗಿಸಿದಾಗ ಅದರ ಖಾತೆಗೆ ಎಷ್ಟು ಶಕ್ತಿ ಸೇರಿತೋ ಅದೇ 'ಕೆಲಸ'. ಅದಕ್ಕೇ ಎರಡನ್ನೂ ಜೂಲ್‌ನಲ್ಲೇ ಅಳೆಯುತ್ತೇವೆ.

ಈಗ 50 ಕೆ.ಜಿ. ತೊಗರಿ ಚೀಲ ತೆಗೆದುಕೊಳ್ಳಿ. ಅದರ ಭಾರ ಸುಮಾರು 490 ನ್ಯೂಟನ್. ಬಲವನ್ನು, ಆ ಬಲದ ದಿಕ್ಕಿನಲ್ಲಿ ಸರಿದ ದೂರದಿಂದ ಗುಣಿಸಿದರೆ ಕೆಲಸ ಸಿಗುತ್ತದೆ. ನೆಲದಿಂದ ಒಂದೂವರೆ ಮೀಟರ್ ಮೇಲೆ ಎತ್ತಿದರೆ 490 ಗುಣಿಸು 1.5, ಅಂದರೆ 735 ಜೂಲ್ ಕೆಲಸ. ಅಷ್ಟೂ ಪ್ರಚ್ಛನ್ನ ಶಕ್ತಿಯಾಗಿ, ಅಂದರೆ ಎತ್ತರದಲ್ಲಿರುವುದರಿಂದ ಕೂಡಿಟ್ಟ ಶಕ್ತಿಯಾಗಿ, ಚೀಲಕ್ಕೆ ಸೇರಿತು. ಆಮೇಲೆ ಅದನ್ನು ಹೊತ್ತು ಅರ್ಧ ಗಂಟೆ ನಿಂತರೂ ಚೀಲ ಅದೇ ಎತ್ತರದಲ್ಲೇ ಇದೆ. ಅದರ ಖಾತೆಗೆ ಒಂದು ಜೂಲ್ ಕೂಡ ಹೊಸದಾಗಿ ಬಂದಿಲ್ಲ. ಪಾಠದ ಸೊನ್ನೆ ಇದೇ.

ಅದೇ ಚೀಲವನ್ನು ಮೇಜಿನ ಮೇಲಿಟ್ಟರೆ ಮೇಜು ವರ್ಷಗಟ್ಟಲೆ ಹೊತ್ತು ನಿಲ್ಲುತ್ತದೆ. ಅದಕ್ಕೆ ಊಟ ಬೇಡ. ಮನುಷ್ಯನ ಸ್ನಾಯು ಮೇಜಿನ ಕಾಲಿನಂತಲ್ಲ. ಅದರ ಎಳೆಗಳ ಒಳಗೆ ಆಕ್ಟಿನ್, ಮಯೋಸಿನ್ ಎಂಬ ಎರಡು ಪ್ರೋಟೀನುಗಳ ತಂತುಗಳಿವೆ. ಮಯೋಸಿನ್ನಿನ ಪುಟ್ಟ ತಲೆಗಳು ಆಕ್ಟಿನ್ನನ್ನು ಹಿಡಿಯುತ್ತವೆ, ಎಳೆಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಸ್ನಾಯು ಬಿಗಿದುಕೊಂಡಿರುವಷ್ಟು ಹೊತ್ತೂ ಈ ಹಿಡಿದು ಬಿಡುವುದು ನಿಲ್ಲುವುದೇ ಇಲ್ಲ. ಒಂದೊಂದು ಸಲಕ್ಕೂ ಒಂದು ಎಟಿಪಿ ಅಣು (ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣು) ಖರ್ಚು. ಹೊರಗಿನಿಂದ ನೋಡಿದವರಿಗೆ ನಿಮ್ಮ ತಂದೆ ಅಲುಗಾಡದೆ ನಿಂತಿದ್ದಾರೆ. ಒಳಗೆ ಕುತ್ತಿಗೆ, ಬೆನ್ನು, ತೊಡೆಯ ಸ್ನಾಯುಗಳು ಒಂದೇ ಸಮ ಎಳೆಯುತ್ತಿವೆ. ಚೀಲ ಮೇಲೇರಿಲ್ಲವಾದ್ದರಿಂದ ಆ ಶಕ್ತಿ ಚೀಲಕ್ಕೆ ಹೋಗಲಿಲ್ಲ, ಶಾಖವಾಗಿ ಮೈಯಲ್ಲೇ ಉಳಿಯಿತು. ಆ ಶಾಖವನ್ನು ಹೊರಹಾಕಲು ಬೆವರು ಬರುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ, ಆಗ ಮೈ ತಂಪಾಗುವುದು ಇನ್ನೂ ಕಷ್ಟ.

ಎತ್ತುವಾಗಲೂ ನಾವು ಉಂಡಿದ್ದೆಲ್ಲ ಚೀಲಕ್ಕೆ ಹೋಗುವುದಿಲ್ಲ. ಸ್ನಾಯು ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಕಾಲು ಭಾಗವಷ್ಟೇ ಕೆಲಸವಾಗುತ್ತದೆ, ಅದೂ ಚೆನ್ನಾಗಿ ನಡೆದರೆ. ಮಿಕ್ಕಿದ್ದು ಶಾಖ. ಹಾಗಾಗಿ 735 ಜೂಲ್ ಕೆಲಸಕ್ಕೆ ಮೈ ಸುಮಾರು 3,000 ಜೂಲ್ ಖರ್ಚು ಮಾಡುತ್ತದೆ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಹೆಚ್ಚುಕಡಿಮೆ 14 ಲಕ್ಷ ಜೂಲ್ ಇದೆ. ಎರಡು ರೊಟ್ಟಿ ತಿಂದು ನೂರಾರು ಚೀಲ ಎತ್ತಬಹುದಲ್ವಾ ಅಂತ ಇದನ್ನು ಓದಿದವರು ಕೇಳಬಹುದು. ಆಗಲ್ಲ. ಈ ಲೆಕ್ಕದಲ್ಲಿ ಚೀಲವೊಂದೇ ಇದೆ, ಹೊರುವವರ ಮೈ ಇಲ್ಲ.

ಲಾರಿಗೆ ಹಲಗೆ ಹಾಕಿ ಲೋಡ್ ಮಾಡುವುದನ್ನು ನೋಡಿ. ಮೂರು ಮೀಟರ್ ಉದ್ದದ ಹಲಗೆ, ಒಂದೂವರೆ ಮೀಟರ್ ಎತ್ತರ. ಘರ್ಷಣೆ ಇಲ್ಲ ಅಂದುಕೊಂಡು ಚೀಲವನ್ನು ಹಲಗೆಯ ಮೇಲೆ ತಳ್ಳಿದರೆ ಬಲ 245 ನ್ಯೂಟನ್ ಸಾಕು, ಅಂದರೆ ಅರ್ಧ. ದೂರ ಎರಡರಷ್ಟಾಯಿತು. 245 ಗುಣಿಸು 3, ಮತ್ತೆ ಅದೇ 735. ಹಲಗೆ ಬಲ ಉಳಿಸುತ್ತದೆ, ಕೆಲಸ ಉಳಿಸುವುದಿಲ್ಲ. ಆದರೆ ಹಮಾಲರು ಚೀಲ ಹೊತ್ತು ತಾವೂ ಹಲಗೆ ಹತ್ತುತ್ತಾರೆ. ಮೈ ತೂಕ 60 ಕೆ.ಜಿ. ಅಂದುಕೊಳ್ಳೋಣ. ಆಗ ಎತ್ತಬೇಕಾದ್ದು 110 ಕೆ.ಜಿ., ಕೆಲಸ 1,600 ಜೂಲ್ ದಾಟಿತು. ಇಳಿದು ಬರುವಾಗ ಮೈಯಿಂದ ಹೋದ ಶಕ್ತಿ ವಾಪಸ್ ಸಿಗುವುದಿಲ್ಲ, ಮತ್ತೆ ಶಾಖವೇ.

ಸಮತಟ್ಟಾದ ನೆಲದಲ್ಲಿ ಹೊತ್ತು ನಡೆದರೂ ಕೆಲಸ ಸೊನ್ನೆ ಎನ್ನುತ್ತಾರೆ. ಚೀಲದ ಮೇಲಿನ ಬಲ ಮೇಲ್ಮುಖ, ನಡಿಗೆ ಅಡ್ಡ, ಆದ್ದರಿಂದ ಸೊನ್ನೆ. ಇದು ಚೀಲ ಒಂಚೂರೂ ಕುಣಿಯದೆ ಸಾಗಿದರೆ ಮಾತ್ರ ನಿಜ. ನಡೆಯುವಾಗ ಹೆಜ್ಜೆಗೊಮ್ಮೆ ಮೈ ಸ್ವಲ್ಪ ಏರಿ ಇಳಿಯುತ್ತದೆ, ಜೊತೆಗೆ ಚೀಲವೂ. ಏರುವಾಗಲೆಲ್ಲ ನಿಜವಾದ ಕೆಲಸ ಆಗುತ್ತದೆ. ಅನುಭವಿ ಹಮಾಲರು ಮೊಣಕಾಲು ತುಸು ಬಗ್ಗಿಸಿ, ಸಣ್ಣ ಹೆಜ್ಜೆಯಲ್ಲಿ ಸರಸರ ಹೋಗುವುದನ್ನು ಗಮನಿಸಿ. ಚೀಲ ಹೆಚ್ಚು ಕುಣಿಯುವುದಿಲ್ಲ.

ಕೊನೆಗೆ, ಆ 735 ಜೂಲ್ ಏನಾಗುತ್ತದೆ? ಚೀಲ ಲಾರಿಯಿಂದ ಜಾರಿ ಬಿತ್ತು ಅನ್ನಿ. ಈಗ ಕೆಲಸ ಮಾಡುವುದು ಭೂಮಿಯ ಸೆಳೆತ. ಪ್ರಚ್ಛನ್ನ ಶಕ್ತಿ ಚಲನ ಶಕ್ತಿಯಾಗಿ, ನೆಲ ಮುಟ್ಟುವ ಹೊತ್ತಿಗೆ ಚೀಲದ ವೇಗ ಗಂಟೆಗೆ 19 ಕಿ.ಮೀ. ದಾಟಿರುತ್ತದೆ. ಧೊಪ್ ಅಂತ ಬಿದ್ದ ಮೇಲೆ ಒಂದಿಷ್ಟು ಸದ್ದಾಗಿ ಹೋಗುತ್ತದೆ, ಉಳಿದದ್ದು ತೊಗರಿಯನ್ನೂ ನೆಲವನ್ನೂ ಬಿಸಿ ಮಾಡುತ್ತದೆ. ಕೈಯಿಟ್ಟು ನೋಡಿದರೆ ಗೊತ್ತಾಗುವುದಿಲ್ಲ. ತೊಗರಿ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟೂ ಬಿಸಿಯಾಗಿರುವುದಿಲ್ಲ. 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೂಲ್ ಅವರಿಗೂ ಇದೇ ತೊಡಕು ಎದುರಾಗಿತ್ತು. ಅವರು ತೂಕದ ಗುಂಡುಗಳನ್ನು ಇಳಿಬಿಟ್ಟು, ಅವು ಇಳಿಯುವಾಗ ನೀರಿನೊಳಗಿನ ಚಕ್ರ ತಿರುಗುವಂತೆ ಮಾಡಿದರು. ನೀರು ಬಿಸಿಯಾಗುವುದು ತೀರಾ ಕಡಿಮೆ. ಅದಕ್ಕೇ ಗುಂಡುಗಳನ್ನು ಮತ್ತೆ ಮತ್ತೆ ಮೇಲೆತ್ತಿ ಇಳಿಬಿಟ್ಟು, ಬಲು ಸೂಕ್ಷ್ಮ ಥರ್ಮಾಮೀಟರಿನಲ್ಲಿ ಅಳೆದರು. ಇಷ್ಟು ಕೆಲಸಕ್ಕೆ ಇಷ್ಟೇ ಶಾಖ ಎಂಬ ಲೆಕ್ಕ ಸಿಕ್ಕಿದ್ದು ಹಾಗೆ. ಇವತ್ತಿನ ಅಳತೆಯಲ್ಲಿ ಒಂದು ಕ್ಯಾಲೊರಿಗೆ, ಅಂದರೆ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಶಾಖಕ್ಕೆ, ಸುಮಾರು 4.2 ಜೂಲ್.