ಐದು ದಿನದಲ್ಲಿ ಎಷ್ಟು ಬೆಳಗು?

"ಮೇಡಂ, ಐದು ದಿನದಲ್ಲಿ ಶ್ರೀಲಂಕಾ ಪೂರ್ತಿ ಕವರ್ ಆಗುತ್ತಾ?"

ದಾವಣಗೆರೆಯ ನನ್ನ ಪುಟ್ಟ ಟ್ರಾವೆಲ್ ಆಫೀಸಿನಲ್ಲಿ 17 ವರ್ಷದಿಂದ ಇದೇ ಪ್ರಶ್ನೆ. ದೇಶದ ಹೆಸರು ಬದಲಾಗುತ್ತದೆ, 'ಕವರ್' ಬದಲಾಗುವುದಿಲ್ಲ. ನೋಟ್‌ಬುಕ್ಕಿಗೆ ಕವರ್ ಹಾಕಬಹುದು, ದಿಂಬಿಗೆ ಹಾಕಬಹುದು. ದೇಶಕ್ಕೆ ಹೇಗೆ ಹಾಕುತ್ತಾರೋ ನನಗಿನ್ನೂ ಗೊತ್ತಾಗಿಲ್ಲ.

ಪ್ರಶ್ನೆಯ ಹಿಂದೆಯೇ ವಾಟ್ಸ್ಆ್ಯಪ್‌ನಲ್ಲಿ ಒಂದು ಪಟ್ಟಿ ಬರುತ್ತದೆ. ಸಿಗಿರಿಯದ ಬಂಡೆ ಕೋಟೆ, ದಂಬುಲ್ಲದ ಗುಹೆ, ಹಳೆಯ ರಾಜಧಾನಿಗಳಾದ ಪೊಲೊನ್ನರುವ, ಅನುರಾಧಪುರ, ಆಮೇಲೆ ಕ್ಯಾಂಡಿ, ನುವಾರ ಎಲಿಯ, 'ಎಲ್ಲ' ಎಂಬ ಊರಿನ ಒಂಬತ್ತು ಕಮಾನಿನ ಸೇತುವೆ, ಯಾಲದ ಚಿರತೆ, ಗಾಲೆ ಕೋಟೆ, ಕೊನೆಗೆ ಕೊಲಂಬೊದಲ್ಲಿ ಶಾಪಿಂಗ್. ಹತ್ತು ಹೆಸರು, ಐದು ದಿನ. ದಿನಕ್ಕೆ ಎರಡು, ಸುಲಭ ಲೆಕ್ಕ ಅಲ್ವಾ?

ಅಲ್ಲ. ಕಾಡು, ಕೋಟೆ, ಹಳೆಯ ಊರು ನೋಡಲು ಹೋಗುವವರು ದಿನ ಎಣಿಸಬಾರದು, ಬೆಳಗು ಎಣಿಸಬೇಕು. ಇದನ್ನು ನಾನು ದಿನಕ್ಕೆ ನಾಲ್ಕು ಸಲ ಹೇಳುತ್ತೇನೆ. ಎದುರಿಗೆ ಕುಳಿತವರು ತಲೆ ಆಡಿಸುತ್ತಾರೆ. ಮನೆಗೆ ಹೋಗಿ ಹನ್ನೊಂದನೇ ಹೆಸರು ಕಳಿಸುತ್ತಾರೆ.

ನಮ್ಮೂರಿನ ಲೆಕ್ಕದಿಂದಲೇ ಶುರು ಮಾಡೋಣ. ಐದು ದಿನ ಅಂದರೆ ನಾಲ್ಕು ರಾತ್ರಿ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನ ಒಂದೂವರೆ ತಾಸೂ ಹಾರುವುದಿಲ್ಲ. ಎಲ್ಲರೂ ಇಷ್ಟನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಆದರೆ ವಿಮಾನ ಬೆಳಗ್ಗೆ 10ಕ್ಕಿದ್ದರೆ 7ಕ್ಕೆ ದೇವನಹಳ್ಳಿಯಲ್ಲಿರಬೇಕು. ದಾವಣಗೆರೆಯಿಂದ ಅಲ್ಲಿಗೆ ಐದು ತಾಸಿಗೆ ಕಡಿಮೆ ಇಲ್ಲ. ದಾರಿಯ ಟೀ ಸೇರಿಸಿದರೆ ಮನೆ ಬಿಡುವುದು ರಾತ್ರಿ ಒಂದಕ್ಕೆ. ಕೊಲಂಬೊ ವಿಮಾನ ನಿಲ್ದಾಣ ಇರುವುದು ಊರಿನ ಉತ್ತರಕ್ಕೆ ಸುಮಾರು 30 ಕಿ.ಮೀ. ದೂರದ ಕಟುನಾಯಕದಲ್ಲಿ. ಅಲ್ಲಿಂದ ಸಿಗಿರಿಯಕ್ಕೆ ಮತ್ತೆ ನಾಲ್ಕು ತಾಸು. ಹೋಟೆಲ್ ತಲುಪುವಷ್ಟರಲ್ಲಿ ಸಂಜೆಯಾಗಿ, ನಿಮ್ಮ ಕಣ್ಣು ಕೆಂಪಾಗಿರುತ್ತದೆ. ಮೊದಲ ದಿನ ಹೋಯಿತು. ಕೊನೆಯ ದಿನ ವಿಮಾನಕ್ಕೆ ಹೋಯಿತು. ಉಳಿದದ್ದು ಮೂರು ಬೆಳಗು. ದುಡ್ಡು ಕೊಟ್ಟು ನೀವು ಕೊಂಡದ್ದು ಅಷ್ಟೇ.

ಬೆಳಗೇ ಯಾಕೆ ಅಂದರೆ ಬಿಸಿಲೇರಿದರೆ ಬಂಡೆ ಕಾದು ಸುಡುತ್ತದೆ. ಚಿತ್ರದುರ್ಗದ ಕೋಟೆಯನ್ನು ಏಪ್ರಿಲ್‌ನಲ್ಲಿ ಮಧ್ಯಾಹ್ನ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಗಿರಿಯ ಬಯಲಿನಿಂದ ಸುಮಾರು 180 ಮೀಟರ್ ಎದ್ದು ನಿಂತ ಒಂದೇ ಬಂಡೆ, ಮೇಲಕ್ಕೆ ಸುಮಾರು 1,200 ಮೆಟ್ಟಿಲು. ಐದನೇ ಶತಮಾನದಲ್ಲಿ ಕಾಶ್ಯಪ ಎಂಬ ರಾಜ ತಂದೆಯನ್ನು ಕೊಂದು, ತಮ್ಮನಿಗೆ ಹೆದರಿ ಇದರ ನೆತ್ತಿಯ ಮೇಲೆ ಅರಮನೆ ಕಟ್ಟಿಕೊಂಡ ಅಂತ ಕಥೆ. ಏಳಕ್ಕೆ ಹತ್ತಲು ಶುರು ಮಾಡಿದರೆ ತಂಪು ಗಾಳಿ, ಕೆಳಗೆ ಮಂಜಿನಲ್ಲಿ ಕಾಡು. ಹನ್ನೊಂದಕ್ಕೆ ಶುರು ಮಾಡಿದರೆ ಕಬ್ಬಿಣದ ಮೆಟ್ಟಿಲಲ್ಲಿ ಕ್ಯೂ, ತಲೆ ಮೇಲೆ ಸೂರ್ಯ, ಮುಂದಿನವರ ಬ್ಯಾಗು ನಿಮ್ಮ ಮುಖಕ್ಕೆ. ಹೆಜ್ಜೇನು, ಕಣಜಗಳೂ ಅಲ್ಲಿವೆ. ಸುಮ್ನೆ ಕೂಗಾಡಬೇಡಿ ಅಂತ ಬೋರ್ಡು ಹಾಕಿದ್ದು ತಮಾಷೆಗಲ್ಲ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಮೊದಲ ಗುಂಪಿನಲ್ಲಿ 14 ಜನ. ಅವರ ಪಟ್ಟಿಯ ಅಷ್ಟೂ ಹೆಸರಿಗೆ ಹೂಂ ಅಂದುಬಿಟ್ಟಿದ್ದೆ. ಸಿಗಿರಿಯ ಮುಟ್ಟಿದಾಗ ಹನ್ನೊಂದೂವರೆ. ಮೇಲಿನ ಮೆಟ್ಟಿಲ ಬುಡದಲ್ಲಿ ಕಟ್ಟಿದ ಭಾರಿ ಸಿಂಹದ ಪಂಜದ ಹತ್ತಿರ ಹರಿಹರದ ಒಬ್ಬ ಅಜ್ಜಿ ಚಪ್ಪಲಿ ಬಿಚ್ಚಿ ಕುಳಿತುಬಿಟ್ಟರು. "ನೀವು ಹೋಗಿ ಬರ್ರಿ, ನಾನು ಈ ಸಿಂಹದ ಕೂಡ ಇರ್ತೀನಿ" ಅಂದರು. ಪೊಲೊನ್ನರುವಕ್ಕೆ ಹೋದಾಗ ಗೇಟು ಹಾಕಿತ್ತು, ನೋಡಿದ್ದು ಬೋರ್ಡು ಮಾತ್ರ. ಕ್ಯಾಂಡಿಯನ್ನು ಹೆಚ್ಚಿನವರು ನಿದ್ದೆಯಲ್ಲೇ ದಾಟಿದರು. ವಾಪಸ್ ಬಂದ ಮೇಲೆ ಹೇಗಿತ್ತು ಅಂತ ಕೇಳಿದರೆ ಒಬ್ಬರೂ ಬೈಯಲಿಲ್ಲ. "ಬಸ್ಸು ಚೆನ್ನಾಗಿತ್ತು ಮೇಡಂ" ಅಂದರು. ಬೈದಿದ್ದರೆ ಅಷ್ಟು ಬೇಜಾರಾಗುತ್ತಿರಲಿಲ್ಲ.

ಈಗ ನಾನು ಮೂರು ರಾತ್ರಿ ಒಂದೇ ಕಡೆ ಹಾಕುತ್ತೇನೆ. ಸಿಗಿರಿಯ, ಹಬರಣ ಸುತ್ತಮುತ್ತ ಎಲ್ಲಾದರೂ. ಪ್ರತಿ ಸಲ ಹೋಟೆಲ್ ಬದಲಿಸಿದಾಗ ಒಂದು ಬೆಳಗು ಸಾಯುತ್ತದೆ. ಬ್ಯಾಗು ತುಂಬು, ಬಿಲ್ಲು ಕಟ್ಟು, ಚಾರ್ಜರ್ ಮರೆತು ವಾಪಸ್ ಓಡು. ಒಂದೇ ಕಡೆ ಇದ್ದರೆ ಒಂದು ಬೆಳಗು ಸಿಗಿರಿಯ, ಒಂದು ಪೊಲೊನ್ನರುವ, ಒಂದು ಅನುರಾಧಪುರ. ನಾಲ್ಕನೇ ರಾತ್ರಿ ವಿಮಾನ ನಿಲ್ದಾಣದ ಹತ್ತಿರದ ನೆಗೊಂಬೊದಲ್ಲಿ. ದಂಬುಲ್ಲದ ಐದು ಗುಹೆಗಳು ಒಂದು ಸಂಜೆಗೆ ಸಾಕು. ಅಲ್ಲಿ ಬರಿಗಾಲಲ್ಲಿ ನಡೆಯಬೇಕು, ಕಲ್ಲು ಸುಡುತ್ತದೆ, ಹಳೆಯ ಕಾಲುಚೀಲ ಇಟ್ಟುಕೊಳ್ಳಿ. ಭುಜ, ಮಂಡಿ ಮುಚ್ಚಿರಲಿ. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ, ಅಲ್ಲಿನ ಜನರಿಗೆ ನಿಜಕ್ಕೂ ನೋವಾಗುತ್ತದೆ.

"ಹಿಸ್ಟರಿ ಆಯ್ತು, ನೇಚರ್ ಎಲ್ಲಿ?" ಅಂತ ಮುಂದಿನ ಪ್ರಶ್ನೆ. ಎರಡನ್ನೂ ಬೇರೆ ಬೇರೆ ಖಾನೆಯಲ್ಲಿ ಬರೆದಿರುತ್ತಾರೆ. ಹಬರಣದ ಹತ್ತಿರದ ಮಿನ್ನೇರಿಯ ಕೆರೆಗೆ ಬನ್ನಿ. ಸುಮಾರು 1,700 ವರ್ಷದ ಹಿಂದೆ ಮಹಾಸೇನ ರಾಜ ಕಟ್ಟಿಸಿದ ಕೆರೆ ಇದು. ಅಲ್ಲಿನ ಒಣಗಾಲದಲ್ಲಿ ನೀರು ಇಳಿದಂತೆ ಕೆರೆಯಂಗಳದಲ್ಲಿ ಹಸಿ ಹುಲ್ಲು ಏಳುತ್ತದೆ. ಆ ಹುಲ್ಲಿಗೆ ಸುತ್ತಲಿನ ಕಾಡಿನ ಆನೆಗಳು ಮರಿ ಕಟ್ಟಿಕೊಂಡು ಬರುತ್ತವೆ, ಒಂದೆರಡಲ್ಲ, ನೂರರ ಲೆಕ್ಕದಲ್ಲಿ. ಹಿಸ್ಟರಿಯವರು ಕಟ್ಟೆ ನೋಡಲಿ, ನೇಚರಿನವರು ಆನೆ ನೋಡಲಿ. ಟಿಕೆಟ್ ಒಂದೇ. ಪೊಲೊನ್ನರುವದಲ್ಲಿ ಪರಾಕ್ರಮಬಾಹು 12ನೇ ಶತಮಾನದಲ್ಲಿ ಮಾಡಿಸಿದ ಪರಾಕ್ರಮ ಸಮುದ್ರವೂ ಇಂಥದೇ ದೊಡ್ಡ ಕೆರೆ. ಚನ್ನಗಿರಿಯ ಒಬ್ಬ ರೈತರು ಅದರ ಏರಿಯ ಮೇಲೆ ನಿಂತು, "ನಮ್ಮ ಸೂಳೆಕೆರೆ ಅಣ್ಣನೋ ಇದು, ತಮ್ಮನೋ?" ಅಂದರು. ಆಮೇಲೆ ತೂಬು ಎಲ್ಲಿದೆ ಅಂತ ಹುಡುಕುತ್ತಾ ಹೋದರು. ಗೈಡು ವಾಚು ನೋಡುತ್ತಿದ್ದ. ನಾನು ಸುಮ್ಮನಿರು ಅಂತ ಕಣ್ಣು ಬಿಟ್ಟೆ.

ಆನೆಗಳ ಜಾತ್ರೆ ಜಾಸ್ತಿ ಸೇರುವುದು ಆಗಸ್ಟ್, ಸೆಪ್ಟೆಂಬರಿನಲ್ಲಿ. ಆಗ ಇಲ್ಲಿ ಶ್ರಾವಣ, ಗಣೇಶನ ಹಬ್ಬ, ಯಾರೂ ಮನೆ ಬಿಡುವುದಿಲ್ಲ. ದ್ವೀಪಕ್ಕೆ ಎರಡು ಮಳೆಗಾಲ. ನಮ್ಮ ಮುಂಗಾರಿನ ಹೊತ್ತಿಗೆ ಕೊಲಂಬೊ, ಗಾಲೆ, ಗುಡ್ಡದ ಸೀಮೆ ನೆನೆಯುತ್ತದೆ, ಸಿಗಿರಿಯ ಕಡೆ ಒಣಗಿರುತ್ತದೆ. ನವೆಂಬರಿನಿಂದ ಜನವರಿವರೆಗೆ ಅಲ್ಲಿ ಮಳೆ. ಕ್ರಿಸ್‌ಮಸ್ ರಜೆಯಲ್ಲಿ ಹೋಗುವವರು ಕೊಡೆ ಒಯ್ಯಿರಿ, ಆನೆ ಕಾಣದಿದ್ದರೆ ನನ್ನನ್ನು ಕೇಳಬೇಡಿ.

ವೀಸಾ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಕೆಲವು ವರ್ಷಗಳಿಂದ ನಿಯಮ ಮತ್ತೆ ಮತ್ತೆ ಬದಲಾಗಿದೆ. ಹೊರಡುವ ತಿಂಗಳಲ್ಲಿ ಸರ್ಕಾರಿ ವೆಬ್‌ಸೈಟಿನಲ್ಲೇ ನೋಡಿ, ಪಕ್ಕದ ಮನೆಯವರ ಮಾತು ನಂಬಬೇಡಿ. ಪಾಸ್‌ಪೋರ್ಟಿಗೆ ಆರು ತಿಂಗಳು ಬಾಕಿ ಇರಲಿ. ಅದನ್ನು ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ. ಸಿಗಿರಿಯದಂಥ ಕಡೆ ಭಾರತವೂ ಸೇರಿದ ಸಾರ್ಕ್ ಕೂಟದ ದೇಶದವರಿಗೆ ಟಿಕೆಟಿನಲ್ಲಿ ರಿಯಾಯಿತಿ ಉಂಟು, ಪಾಸ್‌ಪೋರ್ಟ್ ತೋರಿಸಿದರೆ ಮಾತ್ರ. ಸಸ್ಯಾಹಾರಿಗಳಿಗೆ ಶಾವಿಗೆ, ಬೇಳೆ ಸಾರು ಎಲ್ಲೆಡೆ ಸಿಗುತ್ತದೆ. ಪಕ್ಕದಲ್ಲಿ ಇಡುವ ಕೆಂಪು ಕಾಯಿ ಚಟ್ನಿಯಲ್ಲಿ ಒಣಮೀನಿನ ಪುಡಿ ಇರಬಹುದು, ಕೇಳಿ ತಿನ್ನಿ. ರೊಟ್ಟಿ, ಶೇಂಗಾ ಚಟ್ನಿಪುಡಿ ನೀವು ಹೇಗೂ ಒಯ್ಯುತ್ತೀರಿ.

ಮೊಳಕಾಲ್ಮೂರು ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ನನ್ನ ಹತ್ತಿರ ಬಂದಾಗ ಅವರ ಪಟ್ಟಿಯಲ್ಲಿ ಇದ್ದದ್ದು ಎರಡೇ ಹೆಸರು, ಅನುರಾಧಪುರ ಮತ್ತು ಮಿಹಿಂತಲೆ. ಪ್ರತಿ ವರ್ಷ ಶಾಲೆಯ ಮಕ್ಕಳನ್ನು ಅಲ್ಲೇ ಹತ್ತಿರದ ಬ್ರಹ್ಮಗಿರಿಗೆ ಕರೆದುಕೊಂಡು ಹೋಗುತ್ತಿದ್ದವರು ಅವರು. ಅಲ್ಲಿನ ಅಶೋಕನ ಶಾಸನವನ್ನು 1892ರಲ್ಲಿ ಶಾಸನ ಸಂಶೋಧಕ ಬಿ.ಎಲ್. ರೈಸ್ ಪತ್ತೆ ಹಚ್ಚಿದರು. ಅದೇ ಅಶೋಕನ ಮಗ ಮಹಿಂದ ಮಿಹಿಂತಲೆ ಗುಡ್ಡಕ್ಕೆ ಬಂದ, ಮಗಳು ಸಂಘಮಿತ್ತೆ ಬೋಧಿಯ ಕೊಂಬೆ ತಂದಳು ಅಂತ ಸಿಂಹಳದವರ ನಂಬಿಕೆ. ಆ ಮರ ಅನುರಾಧಪುರದಲ್ಲಿ ಈಗಲೂ ಇದೆ, ಮುಪ್ಪಾದ ಕೊಂಬೆಗಳಿಗೆ ಊರುಗೋಲು ಕೊಟ್ಟಿದ್ದಾರೆ. ಮೇಷ್ಟ್ರು ಅದರ ಮುಂದೆ ಮರಳಿನ ಮೇಲೆ ಕುಳಿತರು. ಏಳುವರೆಯಿಂದ ಹತ್ತರವರೆಗೆ ಏಳಲಿಲ್ಲ. ಗೈಡು ಮುಂದಿನ ಸ್ತೂಪಕ್ಕೆ ಕರೆದರೆ, "ಅಪ್ಪನ ಕಾಗದ ನಮ್ಮೂರಲ್ಲಿದೆ, ಮಗಳ ಗಿಡ ಇಲ್ಲಿದೆ. ತಡೀರಿ" ಅಂದರಂತೆ.

ಅಷ್ಟೂ ಜನರಿಗೆ ಅಷ್ಟು ಹೊತ್ತು ಕೂರಿ ಅಂತ ನಾನು ಹೇಳುವುದಿಲ್ಲ. ಮಕ್ಕಳಿದ್ದರೆ ಸಾಧ್ಯವೂ ಇಲ್ಲ. ಆದರೆ ಹೊರಡುವ ತಿಂಗಳ ಮುಂಚೆ ಒಂದು ಭಾನುವಾರ ಬೆಳಗ್ಗೆ ಚಿತ್ರದುರ್ಗದ ಕೋಟೆಗೆ ಹೋಗಿ. ಏಕನಾಥೇಶ್ವರಿ ಗುಡಿ, ಗೋಪಾಲಸ್ವಾಮಿ ಹೊಂಡದವರೆಗೆ ಏದುಸಿರಿಲ್ಲದೆ ನಡೆದು ಬಂದರೆ ಸಿಗಿರಿಯ ಆಗುತ್ತದೆ. ಮಂಡಿ ನೋವು, ಎದೆ ನೋವು ಇದ್ದವರು ನನ್ನನ್ನಲ್ಲ, ಡಾಕ್ಟರನ್ನು ಕೇಳಿ. ಹಾಗೇ ಅಲ್ಲಿನ ಗೋಡೆಗಳ ಮೇಲೆ ಗೀಚಿದ ಹೆಸರುಗಳನ್ನೂ ನೋಡಿಕೊಂಡು ಬನ್ನಿ. ಸಿಗಿರಿಯದ ನುಣುಪು ಗಾರೆಯ 'ಕನ್ನಡಿ ಗೋಡೆ'ಯ ಮೇಲೂ ಸಾವಿರ ವರ್ಷದ ಹಿಂದಿನ ಪ್ರವಾಸಿಗರು ಗೀಚಿದ್ದಾರೆ, ಬಂಡೆಯ ಮೇಲಿನ ಹಳೆಯ ಚಿತ್ರಗಳ ಹೆಂಗಸರನ್ನು ಹೊಗಳಿ ಪದ್ಯ ಬರೆದು. ಪರಣವಿತಾನ ಎಂಬ ವಿದ್ವಾಂಸರು 685 ಪದ್ಯ ಓದಿ ಪ್ರಕಟಿಸಿದರು. ನೀವು ಈಗ ಬರೆದರೆ ಪದ್ಯವಾದರೂ ಜೈಲೇ.

ಇನ್ನು ವಾಪಸ್ ಬರುವ ರಾತ್ರಿ. ದೇವನಹಳ್ಳಿಯಲ್ಲಿ ಇಳಿದವರೇ ನಾಳೆ ಡ್ಯೂಟಿ ಇದೆ ಅಂತ ಕಾರು ಹತ್ತಿ ದಾವಣಗೆರೆಗೆ ಓಡಬೇಡಿ. ಹಗಲೆಲ್ಲ ಬಾಡಿಗೆ ಹೊಡೆದ ಡ್ರೈವರನ್ನೇ ರಾತ್ರಿಗೂ ಕರೆಯುತ್ತೀರಿ, 500 ರೂಪಾಯಿ ಉಳಿಯುತ್ತದೆ ಅಂತ. ಮಲಗಿ ಎದ್ದವನನ್ನು ಕರೆಯಿರಿ. ಹಿರಿಯೂರಿನಲ್ಲಿ ಗಾಡಿ ನಿಲ್ಲಿಸಿ, ಅವನಿಗೂ ಒಂದು ಟೀ ಹೇಳಿ.