ಪುಕ್ಕಟೆ ಕುದುರೆ, ಪಾರ್ಟ್ ಟೈಮ್ ಸಂಬಳ

"ರೇಸ್ ಬಿಟ್ಟ ಕುದುರೆ ಒಂದು ಸಿಗ್ತಾ ಇದೆ ಡಾಕ್ಟ್ರೇ, ದುಡ್ಡೇ ಬೇಡವಂತೆ, ತಗೊಳ್ಳಲಾ?" ಬೆಂಗಳೂರಿನಲ್ಲಿ ಕುದುರೆ ಡಾಕ್ಟರ್ ಆಗಿರುವ ನನಗೆ ಕಾಲೇಜು ಮಕ್ಕಳಿಂದ ಪದೇಪದೇ ಬರುವ ಪ್ರಶ್ನೆ ಇದು. ಸಂಜೆ ಟ್ಯೂಷನ್ ಹೇಳುತ್ತಾರೆ, ಇಲ್ಲಾ ಶನಿವಾರ ಭಾನುವಾರ ಕೆಫೆಯಲ್ಲಿ ಕೆಲಸ ಮಾಡುತ್ತಾರೆ, ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಕೈಗೆ ಬರುತ್ತದೆ. ಅವರ ಆಸೆ ನಿಜವಾದದ್ದು, ಅದಕ್ಕೇ ನೇರವಾಗಿ ಹೇಳಿಬಿಡುತ್ತೇನೆ. ಆ ಸಂಬಳದಲ್ಲಿ ಒಬ್ಬರೇ ಒಂದು ಇಡೀ ಕುದುರೆ ಸಾಕಲು ಆಗುವುದಿಲ್ಲ. ಆದರೆ ಅರ್ಧ ಕುದುರೆ ಆಗಬಹುದು, ಅದನ್ನು ಮುಂದೆ ವಿವರಿಸುತ್ತೇನೆ.

ಮೊದಲು ಈ ಪುಕ್ಕಟೆ ವಿಷಯ. ರೇಸ್ ಕುದುರೆಗಳು ಎರಡು ವರ್ಷಕ್ಕೇ ಓಡಲು ಶುರು ಮಾಡುತ್ತವೆ, ಐದಾರು ವರ್ಷ ಆಗುವ ಹೊತ್ತಿಗೆ ಬಹಳಷ್ಟರ ಓಟ ಮುಗಿದಿರುತ್ತದೆ. ಚೆನ್ನಾಗಿ ನೋಡಿಕೊಂಡರೆ ಕುದುರೆ 25 ವರ್ಷ, ಕೆಲವೊಮ್ಮೆ 30ರ ತನಕವೂ ಬದುಕುತ್ತದೆ. ನಿಮಗೀಗ 20, ಕುದುರೆಗೆ 5 ಅಂದುಕೊಳ್ಳಿ. ನಿಮಗೆ 40 ತುಂಬುವಾಗಲೂ ಅದು ಇರಬಹುದು, ದಿನವೂ ಹೊಟ್ಟೆ ತುಂಬಾ ತಿನ್ನುತ್ತಾ. ನಡುವೆ ನಿಮ್ಮ ಡಿಗ್ರಿ, ಮೊದಲ ಕೆಲಸ, ಪುಣೆಗೋ ಜರ್ಮನಿಗೋ ಹೋಗುವುದು, ಮದುವೆ, ಎಲ್ಲಾ ಇದೆ. ಪುಕ್ಕಟೆ ಕೊಡುವವರು ನಿಮ್ಮ ಕೈಗೆ ದಾಟಿಸುತ್ತಿರುವುದು ಈ ಇಪ್ಪತ್ತು ವರ್ಷದ ಖರ್ಚನ್ನು. ಜೊತೆಗೆ ಟ್ರ್ಯಾಕಿನಲ್ಲಿ ಓಡಿ ಏಟು ತಿಂದ ಕಾಲಿನ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು), ಧಾನ್ಯ ಜಾಸ್ತಿ ತಿಂದು ಹೊಟ್ಟೆಯಲ್ಲಾದ ಹುಣ್ಣು, ಓಡುವುದು ಬಿಟ್ಟು ಬೇರೇನೂ ಕಲಿಯದ ತಲೆ, ಇವೂ ಬರಬಹುದು. ಕುದುರೆಯದೇನೂ ತಪ್ಪಿಲ್ಲ. ಅದಕ್ಕೆ ತಾಳ್ಮೆಯಿಂದ ತಿಂಗಳುಗಟ್ಟಲೆ ಕಲಿಸುವವರು ಬೇಕು, ಅಷ್ಟೇ.

ಈಗ ಲೆಕ್ಕ. 450 ಕೆಜಿ ತೂಕದ ಕುದುರೆಗೆ ದಿನಕ್ಕೆ ಅದರ ತೂಕದ ಶೇಕಡಾ 2ರಷ್ಟು ಒಣಮೇವು ಬೇಕು, ಅಂದರೆ ಸುಮಾರು 9 ಕೆಜಿ. ತಿಂಗಳಿಗೆ 270 ಕೆಜಿ. ಕೆಜಿಗೆ 15 ರೂಪಾಯಿ ಅಂತಲೇ ಇಟ್ಟುಕೊಳ್ಳಿ, ಬರೀ ಹುಲ್ಲಿಗೆ 4,050 ರೂಪಾಯಿ. ಅದರ ಮೇಲೆ ಬೂಸಾ, ಓಟ್ಸ್, ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಅನ್ನುವ ಹಸಿರು ಮೇವು), ಉಪ್ಪು. ಲಾಯದ ಬಾಡಿಗೆ ಬೇರೆ. ಐದಾರು ವಾರಕ್ಕೊಮ್ಮೆ ನಾಲ್‌ಬಂದ್ ಬಂದು ಗೊರಸು ಕತ್ತರಿಸಿ ಲಾಳ ಹೊಡೆಯಬೇಕು. ನೀವು ಕ್ಲಾಸಿನಲ್ಲಿ ಕೂತಿರುವಾಗ ನೀರು ಇಡಲು, ಲದ್ದಿ ತೆಗೆಯಲು ಒಬ್ಬ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು, ಬೇಕೇ ಬೇಕು. ಆತನದು ಪೂರ್ತಿ ದಿನದ ಕೆಲಸ, ನಿಮ್ಮದು ಅರ್ಧ ದಿನದ ಸಂಬಳ. ಇಲ್ಲಿಗೇ ಲೆಕ್ಕ ಕೂಡುವುದಿಲ್ಲ ಅಲ್ವಾ?

ಎಲ್ಲಿ ಉಳಿಸಬಹುದು ಅಂತ ಕೇಳುತ್ತಾರೆ. ಉಳಿಸಬಹುದು. ಮೆತ್ತನೆ ನೆಲದ ಮೇಲೆ ಹಗುರವಾಗಿ ಓಡಾಡುವ, ಗೊರಸು ಗಟ್ಟಿಯಿರುವ ಕುದುರೆಗೆ ಲಾಳವೇ ಬೇಡದಿರಬಹುದು, ಗೊರಸು ಕತ್ತರಿಸಿದರೆ ಸಾಕು. ಒಂದೇ ದಿನ ನಾಲ್ಕೈದು ಕುದುರೆಗೆ ನಾಲ್‌ಬಂದ್‌ನನ್ನು ಕರೆಸಿದರೆ ಬಂದುಹೋಗುವ ಖರ್ಚು ಹಂಚಿಹೋಗುತ್ತದೆ. ಜಂತಿನ ಔಷಧಿಯನ್ನು ಸುಮ್ನೆ ಮೇಲಿಂದ ಮೇಲೆ ಕುಡಿಸುವ ಬದಲು ಲದ್ದಿ ಪರೀಕ್ಷೆ ಮಾಡಿಸಿ, ಬೇಕಾದಾಗ ಕೊಡಿ. ಜೀನು ಹಳೆಯದಾದರೂ ಪರವಾಗಿಲ್ಲ, ಬೆನ್ನಿಗೆ ಸರಿಯಾಗಿ ಕೂರಬೇಕು.

ಮೇವಿನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ನಾನು ಲಾಯಕ್ಕೆ ಹೋದಾಗ ಕುದುರೆಗಿಂತ ಮೊದಲು ಮೇವಿನ ಕೋಣೆ ನೋಡುತ್ತೇನೆ. ಮಳೆಗಾಲದಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತಂದ ಹುಲ್ಲಿನ ಕಟ್ಟು ಹೊರಗಿನಿಂದ ಚೆನ್ನಾಗೇ ಕಾಣುತ್ತದೆ. ಒಳಗೆ ಮೊಣಕೈ ತನಕ ಕೈ ಹಾಕಿ. ಬಿಸಿ ತಾಗಿದರೆ, ಕೈ ತೆಗೆದಾಗ ಬಿಳಿ ಧೂಳು ಅಂಟಿದ್ದರೆ, ಮುಗ್ಗಲು ವಾಸನೆ ಬಂದರೆ, ಆ ಕಟ್ಟು ಕುದುರೆಯ ಹೊಟ್ಟೆಗೂ ಶ್ವಾಸಕ್ಕೂ ಕುತ್ತು. ಹುಲ್ಲು ಕಡಿಮೆ ಮಾಡಿ ಹುರುಳಿ ಜಾಸ್ತಿ ಬೇಯಿಸಿ ಹಾಕುವುದೂ ತಪ್ಪು. ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಬಹಳ ಸಣ್ಣದು. ದಿನವಿಡೀ ಸ್ವಲ್ಪ ಸ್ವಲ್ಪ ಹುಲ್ಲು ಮೇಯುವುದಕ್ಕೆ ಅಂತಲೇ ಇರುವ ಹೊಟ್ಟೆ ಅದು.

ಹೊಟ್ಟೆ ಕೆಟ್ಟರೆ ಬರುವುದೇ ಕೋಲಿಕ್, ಅಂದರೆ ಕುದುರೆಯ ಹೊಟ್ಟೆನೋವು. ನಾನು ಹೆಚ್ಚು ಹೆದರುವುದು ಇದಕ್ಕೆ. ಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತದೆ, ತಿರುತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತದೆ, ಮಲಗಿ ಹೊರಳುತ್ತದೆ, ಮೈಯೆಲ್ಲಾ ಬೆವರು. ದವಡೆಯ ಕೆಳಗೆ ಬೆರಳಿಟ್ಟರೆ ನಾಡಿ ಸಿಗುತ್ತದೆ. ಆರಾಮಾಗಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಅದು 60 ದಾಟಿದರೆ ಒಂದು ನಿಮಿಷವೂ ಕಾಯಬೇಡಿ, ಫೋನ್ ಮಾಡಿ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಒಳಗೆ ತುಂಬಿದ್ದು ಹೊರಗೆ ಬರದೆ ಜಠರವೇ ಒಡೆಯಬಹುದು, ಅದಕ್ಕೇ ಮೂಗಿನಿಂದ ಪೈಪ್ ಇಳಿಸಿ ನಾವು ಖಾಲಿ ಮಾಡುತ್ತೇವೆ. ಬಹಳಷ್ಟು ಕೋಲಿಕ್ ಔಷಧಿಯಲ್ಲೇ ವಾಸಿಯಾಗುತ್ತದೆ. ಕರುಳು ತಿರುಚಿಕೊಂಡಿದ್ದರೆ ಆಪರೇಷನ್ ಬೇಕು, ಅದನ್ನು ಮಾಡುವ ಜಾಗ ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು, ಖರ್ಚು ಲಕ್ಷಗಳ ಮಾತು. ರಾತ್ರಿ ಎರಡು ಗಂಟೆಗೆ, ನೋವಿನಲ್ಲಿರುವ ಪ್ರಾಣಿಯ ಪಕ್ಕ ನಿಂತು, ದುಡ್ಡಿಲ್ಲ ಎಂಬ ಒಂದೇ ಕಾರಣಕ್ಕೆ ದಯಾಮರಣದ ಕಾಗದಕ್ಕೆ ಸಹಿ ಹಾಕುವ ಸ್ಥಿತಿ ಇಪ್ಪತ್ತು ವರ್ಷದ ಯಾರಿಗೂ ಬರಬಾರದು. ತುರ್ತು ಖರ್ಚಿಗೆ ಹಣ ಬೇರೆ ಎತ್ತಿಟ್ಟಿಲ್ಲ ಅಂದರೆ ಕುದುರೆ ಕೊಳ್ಳಬೇಡಿ ಅಂತ ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಹಾಗಾದರೆ ಏನು ಮಾಡಬಹುದು? ಕುದುರೆ ಸ್ವಂತದ್ದೇ ಆಗಿರಬೇಕು ಅಂತ ಎಲ್ಲಿದೆ? ನಮ್ಮ ಬೆಂಗಳೂರಿನ ಕುದುರೆ ಸವಾರ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದ ಕುದುರೆ ಸೀನ್ಯೂರ್ ಮೆಡಿಕಾಟ್ ಕೂಡ ಪ್ರಾಯೋಜಕರದ್ದೇ. ಕಾಲೇಜಿನವರಿಗೆ ಎನ್‌ಸಿಸಿ ಇದೆ. ಅದರಲ್ಲಿ ಕುದುರೆ ಸವಾರಿಗೇ ಮೀಸಲಾದ ರಿಮೌಂಟ್ ಅಂಡ್ ವೆಟರ್ನರಿ ವಿಭಾಗ ಇದೆ, ಬೆಂಗಳೂರಿನ ತುಕಡಿ ಇರುವುದು ಹೆಬ್ಬಾಳದಲ್ಲಿ. ನಿಮ್ಮ ಕಾಲೇಜಿನಿಂದ ಸೇರಲು ಆಗುತ್ತದಾ ಅಂತ ಮೊದಲು ವಿಚಾರಿಸಿ. ಸವಾರಿಯಷ್ಟೇ ಅಲ್ಲ, ಮೈ ಉಜ್ಜುವುದು, ಗೊರಸು ಕ್ಲೀನ್ ಮಾಡುವುದನ್ನೂ ಕಲಿಸುತ್ತಾರೆ.

ಇನ್ನೊಂದು ದಾರಿ ಹಾಫ್ ಲೀಸ್. ನಾನು ಅರ್ಧ ಕುದುರೆ ಅಂದದ್ದು ಇದಕ್ಕೇ. ಮಾಲೀಕರಿಗೆ ವಾರವಿಡೀ ಸವಾರಿ ಮಾಡಲು ಸಮಯ ಇರುವುದಿಲ್ಲ, ಕುದುರೆ ನಿಂತಲ್ಲೇ ನಿಂತರೆ ಅದಕ್ಕೂ ಒಳ್ಳೆಯದಲ್ಲ. ವಾರಕ್ಕೆ ಎರಡು ಮೂರು ದಿನ ನೀವು ಸವಾರಿ ಮಾಡುತ್ತೀರಿ, ನೋಡಿಕೊಳ್ಳುತ್ತೀರಿ, ಖರ್ಚಿನಲ್ಲಿ ಒಂದು ಪಾಲು ಕೊಡುತ್ತೀರಿ. ಕೆಲಸ ಮಾಡಿಕೊಟ್ಟು ಪಾಲು ಕಡಿಮೆ ಮಾಡಿಸಿಕೊಳ್ಳಲೂಬಹುದು. ಪರೀಕ್ಷೆಯ ತಿಂಗಳು ನೀವು ಬರದಿದ್ದರೂ ಕುದುರೆ ಉಪವಾಸ ಬೀಳುವುದಿಲ್ಲ.

ಆದರೆ ಬಾಯಿಮಾತಿನಲ್ಲಿ ಒಪ್ಪಬೇಡಿ. ನಿಮ್ಮ ದಿನಗಳು ಯಾವುವು, ಜಿಗಿತ ಮಾಡಿಸಬಹುದಾ, ಬೇರೆಯವರನ್ನು ಹತ್ತಿಸಬಹುದಾ, ಲಾಳದ ಖರ್ಚು ಯಾರದು, ನಿಮ್ಮ ಸವಾರಿಯಲ್ಲೇ ಕುದುರೆ ಕುಂಟಿದರೆ ಯಾರು ಕೊಡಬೇಕು, ಬಿಡಬೇಕಾದರೆ ಎಷ್ಟು ದಿನ ಮೊದಲೇ ಹೇಳಬೇಕು, ಎಲ್ಲಾ ಬರೆಯಿರಿ. ರಾತ್ರಿ ಕೋಲಿಕ್ ಬಂದು ಮಾಲೀಕರು ಫೋನಿಗೆ ಸಿಗದಿದ್ದರೆ ಚಿಕಿತ್ಸೆಗೆ ಒಪ್ಪಿಗೆ ಕೊಡುವವರು ಯಾರು, ಎಷ್ಟು ರೂಪಾಯಿ ತನಕ ಅನ್ನುವುದನ್ನಂತೂ ಬಿಡಲೇಬೇಡಿ. ಎರಡು ಹಾಳೆ ಸಾಕು. ಇಬ್ಬರ ಸಹಿ ಇರಲಿ, ಒಂದು ಪ್ರತಿ ಲಾಯದ ಗೋಡೆಗೆ ಅಂಟಿಸಿ, ಒಂದನ್ನು ನಿಮ್ಮ ಕುದುರೆ ಡಾಕ್ಟರಿಗೆ ಕೊಡಿ.