ಒಂದೂವರೆ ಗಂಟೆಯ ವಿಮಾನಕ್ಕೆ ಬಿಸಿನೆಸ್ ಕ್ಲಾಸ್ ಬೇಕೆ?

ಪ್ರಶ್ನೆ: ಕೆಲಸದ ನಿಮಿತ್ತ ತಿಂಗಳಿಗೊಮ್ಮೆಯಾದರೂ ಬೆಂಗಳೂರಿನಿಂದ ಮುಂಬೈಗೆ ಹೋಗಿಬರುತ್ತೇನೆ. ಟಿಕೆಟ್ ಕೊಳ್ಳುವಾಗಲೆಲ್ಲ ಬಿಸಿನೆಸ್ ಕ್ಲಾಸಿನ ದರ ಕಣ್ಣಿಗೆ ಬೀಳುತ್ತದೆ. ಒಮ್ಮೆ ಎರಡು ಪಟ್ಟು, ಒಮ್ಮೆ ನಾಲ್ಕು ಪಟ್ಟು. ಇಷ್ಟು ಚಿಕ್ಕ ಪ್ರಯಾಣಕ್ಕೆ ಅಷ್ಟು ಹಣ ಕೊಡುವುದರಲ್ಲಿ ಅರ್ಥವಿದೆಯೇ? ಮುಂದಿನ ತಿಂಗಳು ಮಂಡಿನೋವಿರುವ ತಂದೆಯನ್ನೂ ಕರೆದೊಯ್ಯಬೇಕಾಗಿದೆ.

ಉತ್ತರ: ಬರಿಯ ಆಸನಕ್ಕಾಗಿ ಕೊಳ್ಳುವುದಾದರೆ ಬಹುಮಟ್ಟಿಗೆ ಅರ್ಥವಿಲ್ಲ, ಟಿಕೆಟ್ಟಿನ ಜೊತೆಗೆ ಬರುವ ನಿಯಮಗಳಿಗಾಗಿ ಕೊಳ್ಳುವುದಾದರೆ ಕೆಲವೊಮ್ಮೆ ಅರ್ಥವಿದೆ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ದರಪಟ್ಟಿಯ ಮುಂದೆ ಕುಳಿತಾಗ ಗೊಂದಲ ಹುಟ್ಟುತ್ತದೆ. ರಾತ್ರಿಯಿಡೀ ಹಾರುವ ವಿಮಾನದಲ್ಲಿ ಬಿಸಿನೆಸ್ ಕ್ಲಾಸ್ ಎಂದರೆ ಮೊದಲಿಗೆ ಹಾಸಿಗೆ. ಕಾಲು ಚಾಚಿ ನಿದ್ರಿಸಿ ಬೆಳಿಗ್ಗೆ ಚುರುಕಾಗಿ ಇಳಿಯಬಹುದು ಎಂಬುದೇ ಅದರ ಬೆಲೆಗಿರುವ ಸಮರ್ಥನೆ. ಬೆಂಗಳೂರಿನಿಂದ ತುಮಕೂರಿಗೆ ಹೋಗಲು ಯಾರೂ ಸ್ಲೀಪರ್ ಬಸ್ಸು ಹುಡುಕುವುದಿಲ್ಲ. ಮುಂಬೈ ವಿಮಾನದ ಮಾತೂ ಹೆಚ್ಚು ಕಡಿಮೆ ಹಾಗೆಯೇ.

ಬೆಂಗಳೂರು ಮತ್ತು ಮುಂಬೈ ನಡುವಿನ ವಾಯುಮಾರ್ಗ ಸುಮಾರು 840 ಕಿ.ಮೀ. ವೇಳಾಪಟ್ಟಿಯಲ್ಲಿ ಒಂದೂಮುಕ್ಕಾಲು ಗಂಟೆಯೆಂದೋ ಎರಡು ಗಂಟೆಯೆಂದೋ ಕಾಣುವ ಅವಧಿಯಲ್ಲಿ ರನ್‌ವೇವರೆಗೆ ಸಾಗುವುದು, ಸರದಿಗಾಗಿ ಕಾಯುವುದು, ಇಳಿದ ಮೇಲೆ ನಿಲ್ಲುವ ಜಾಗಕ್ಕೆ ತಲುಪುವುದು ಎಲ್ಲವೂ ಸೇರಿರುತ್ತದೆ. ವಿಮಾನವು ಆಕಾಶದಲ್ಲಿರುವುದು ಒಂದೂವರೆ ಗಂಟೆಗಿಂತ ಹೆಚ್ಚಿಲ್ಲ. ಅದರಲ್ಲಿಯೂ ಏರುವಾಗ ಮತ್ತು ಇಳಿಯುವಾಗ ಆಸನದ ಬೆನ್ನನ್ನು ನೆಟ್ಟಗೆ ಇಡಬೇಕು, ಮುಂದಿನ ಮೇಜನ್ನು ಮಡಚಬೇಕು. ಉಳಿಯುವ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಬಿಸಿ ಕರವಸ್ತ್ರ, ಊಟದ ತಟ್ಟೆ, ಕಾಫಿ ಎಲ್ಲವೂ ಬಂದು ಹೋಗಬೇಕಾಗಿರುವುದರಿಂದ, ಬೆನ್ನು ಹಿಂದಕ್ಕೊರಗಿಸಿ ನೆಮ್ಮದಿಯಾಗಿ ಕುಳಿತುಕೊಳ್ಳುವ ಹೊತ್ತು ನಿಜಕ್ಕೂ ಅರ್ಧ ಗಂಟೆಯಷ್ಟೇ. ಮಳೆಗಾಲದಲ್ಲಿ ಮುಂಬೈ ಸಮೀಪಿಸುವಾಗ ಸೀಟ್‌ಬೆಲ್ಟ್ ದೀಪ ಬೇಗನೆ ಹೊತ್ತಿಕೊಂಡರೆ ಅದೂ ಮೊಟಕಾಗುತ್ತದೆ. ಜಯನಗರದಿಂದ ದೇವನಹಳ್ಳಿಯ ನಿಲ್ದಾಣ ತಲುಪಲು ಸಂಜೆಯ ವೇಳೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಮತ್ತು ಆ ರಸ್ತೆಯಲ್ಲಿ ಯಾವ ವರ್ಗದ ಟಿಕೆಟ್ಟೂ ನೆರವಿಗೆ ಬರುವುದಿಲ್ಲ.

ಆಸನದ ಲೆಕ್ಕವನ್ನು ನಮ್ಮ ಬಸ್ಸುಗಳ ಮೂಲಕವೇ ಅರ್ಥಮಾಡಿಕೊಳ್ಳಬಹುದು. ಕೆಂಪು ಬಸ್ಸಿನಲ್ಲಿ ಒಂದು ಕಡೆ ಮೂವರು, ಇನ್ನೊಂದು ಕಡೆ ಇಬ್ಬರು ಕೂರುತ್ತಾರೆ. ರಾಜಹಂಸದಲ್ಲಿ ಎರಡೂ ಕಡೆ ಇಬ್ಬಿಬ್ಬರು. ಬಸ್ಸಿನ ಅಗಲ ಅದೇ, ಕೂರುವವರು ಮಾತ್ರ ಕಡಿಮೆ. ಏರ್‌ಬಸ್ ಎ320 ವಿಮಾನದಲ್ಲಿಯೂ ಹಿಂದಿನ ಭಾಗದ ಒಂದು ಸಾಲಿನಲ್ಲಿ ಆರು ಮಂದಿ, ಮುಂದಿನ ಬಿಸಿನೆಸ್ ಸಾಲಿನಲ್ಲಿ ನಾಲ್ವರು. 2024ರ ನವೆಂಬರ್‌ನಲ್ಲಿ ವಿಸ್ತಾರಾ ಸಂಸ್ಥೆಯನ್ನು ತನ್ನಲ್ಲಿ ಸೇರಿಸಿಕೊಂಡ ಏರ್ ಇಂಡಿಯಾದ ಅನೇಕ ಎ320 ವಿಮಾನಗಳಲ್ಲಿ 8 ಬಿಸಿನೆಸ್, 24 ಪ್ರೀಮಿಯಂ ಎಕಾನಮಿ ಮತ್ತು 132 ಎಕಾನಮಿ ಆಸನಗಳಿವೆ. 2006ರಿಂದ ಒಂದೇ ವರ್ಗವನ್ನು ನಂಬಿಕೊಂಡಿದ್ದ ಇಂಡಿಗೋ ಕೂಡ ಅದೇ ನವೆಂಬರ್‌ನಲ್ಲಿ ದೆಹಲಿ–ಮುಂಬೈ ಮಾರ್ಗದಲ್ಲಿ ‘ಸ್ಟ್ರೆಚ್’ ಎಂಬ ಹೆಸರಿನಲ್ಲಿ 12 ದೊಡ್ಡ ಆಸನಗಳನ್ನು ಆರಂಭಿಸಿತು. ಅಲ್ಲಿ ಸಾಲಿನಿಂದ ಸಾಲಿಗೆ 38 ಇಂಚು ಅಂತರವಿದೆ.

ಇಲ್ಲೊಂದು ಸರಳ ಗಣಿತ ಉಪಯೋಗಕ್ಕೆ ಬರುತ್ತದೆ. ಎಕಾನಮಿಯ ಒಂದು ಸಾಲು ವಿಮಾನದ ಉದ್ದದಲ್ಲಿ ಸುಮಾರು 30 ಇಂಚು ಹಿಡಿಯುತ್ತದೆ. ಆರು ಮಂದಿಗೆ ಹಂಚಿದರೆ ತಲೆಗೆ 5 ಇಂಚು. ಬಿಸಿನೆಸ್‌ನ ಸಾಲು 38 ಇಂಚು. ನಾಲ್ವರಿಗೆ ಹಂಚಿದರೆ ತಲೆಗೆ ಒಂಬತ್ತೂವರೆ. ಎಂದರೆ ಮುಂದೆ ಕೂರುವವರು ಹಿಂದೆ ಕೂರುವವರಿಗಿಂತ ಹೆಚ್ಚು ಕಡಿಮೆ ಎರಡು ಪಟ್ಟು ಜಾಗ ಬಳಸುತ್ತಾರೆ. ಆದ್ದರಿಂದ ದರ ಎರಡು ಪಟ್ಟಿನ ಆಸುಪಾಸಿನಲ್ಲಿದ್ದರೆ ನೀವು ಕೊಡುತ್ತಿರುವುದು ಜಾಗದ ಬೆಲೆ. ನಾಲ್ಕು ಪಟ್ಟಾದಾಗ ಉಳಿದ ಎರಡು ಪಟ್ಟು ಬೇರೆ ಯಾವುದಕ್ಕೆ ಹೋಗುತ್ತಿದೆ, ಅದು ನಿಮಗೆ ಬೇಕಾದದ್ದೇ ಎಂದು ಕೇಳಿಕೊಳ್ಳಬೇಕು. ಸಂಸ್ಥೆಗಳು ದರ ಕಟ್ಟುವುದು ಜಾಗ ಅಳೆದು ಅಲ್ಲ, ಬೇಡಿಕೆ ನೋಡಿ ಎಂಬುದು ನಿಜ. ಆದರೂ ಕೊಳ್ಳುವವರ ಕೈಯಲ್ಲಿ ಒಂದು ಅಳತೆಗೋಲು ಇರುವುದು ಒಳ್ಳೆಯದು.

ತೆರಿಗೆಯನ್ನು ಮರೆಯಬಾರದು. 2025ರ ಸೆಪ್ಟೆಂಬರ್ 22ರಿಂದ ಎಕಾನಮಿಯಲ್ಲದ ವರ್ಗಗಳ ಟಿಕೆಟ್ಟಿನ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 18ಕ್ಕೆ ಏರಿದೆ. ಎಕಾನಮಿಗೆ ಶೇ 5 ಹಾಗೆಯೇ ಉಳಿದಿದೆ. ಉದಾಹರಣೆಗೆ, ಮೂಲದರ 5,000 ರೂಪಾಯಿಯ ಎಕಾನಮಿ ಟಿಕೆಟ್ಟಿಗೆ ತೆರಿಗೆ 250 ರೂಪಾಯಿ. 15,000 ರೂಪಾಯಿಯ ಬಿಸಿನೆಸ್ ಟಿಕೆಟ್ಟಿಗೆ 2,700 ರೂಪಾಯಿ. ಜಿಎಸ್‌ಟಿ ನೋಂದಣಿ ಇರುವ ಉದ್ದಿಮೆಯ ಕೆಲಸಕ್ಕೆ ಪ್ರಯಾಣಿಸುವವರು ಟಿಕೆಟ್ ಕೊಳ್ಳುವಾಗಲೇ ಆ ಸಂಖ್ಯೆಯನ್ನು ನಮೂದಿಸಿದರೆ ತೆರಿಗೆಯ ಹೊರೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಹಿಂಪಡೆಯುವ ದಾರಿಯಿದೆ. ಸ್ವಂತ ಜೇಬಿನಿಂದ ಕೊಡುವವರಿಗೆ ಆ ದಾರಿಯಿಲ್ಲ.

ಇನ್ನು ನೆಲದ ಮೇಲಿನ ಸೌಕರ್ಯಗಳು. ಪ್ರತ್ಯೇಕ ಚೆಕ್-ಇನ್ ಕೌಂಟರು, ಲೌಂಜು, ಮೊದಲು ಹತ್ತುವ ಅವಕಾಶ, ಮೊದಲು ಬರುವ ಲಗೇಜು ಇವೆಲ್ಲ ಒಂದು ಕಾಲಕ್ಕೆ ದೊಡ್ಡ ಆಕರ್ಷಣೆಗಳಾಗಿದ್ದವು. ಈಗ ಬೋರ್ಡಿಂಗ್ ಪಾಸನ್ನು ಫೋನಿನಲ್ಲಿಯೇ ಪಡೆಯುತ್ತೇವೆ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರು ಸೇರಿದಂತೆ ಮೂರು ನಿಲ್ದಾಣಗಳಲ್ಲಿ ಆರಂಭವಾದ, ಮುಖ ಗುರುತಿಸಿ ಒಳಬಿಡುವ ಡಿಜಿಯಾತ್ರಾ ವ್ಯವಸ್ಥೆಯು ಪ್ರವೇಶದ್ವಾರದ ಸರತಿಯನ್ನು ಎಲ್ಲ ವರ್ಗದವರಿಗೂ ಚಿಕ್ಕದಾಗಿಸಿದೆ. ಲೌಂಜಿನ ಬಾಗಿಲನ್ನು ಅನೇಕ ಕ್ರೆಡಿಟ್ ಕಾರ್ಡುಗಳೂ ತೆರೆಯುತ್ತವೆ, ಅದರ ಪರಿಣಾಮವಾಗಿ ಲೌಂಜಿನ ಮುಂದೆಯೇ ಸರತಿ ನಿಲ್ಲುವ ದೃಶ್ಯವೂ ಅಪರೂಪವಲ್ಲ. ಮೊದಲು ಹತ್ತುವ ಅವಕಾಶದ ಬಗ್ಗೆ ನನಗೆ ವೈಯಕ್ತಿಕವಾಗಿ ಹೆಚ್ಚು ಗೌರವವಿಲ್ಲ: ಒಮ್ಮೆ ಎಲ್ಲರಿಗಿಂತ ಮೊದಲು ಗೇಟು ದಾಟಿ, ನಿಲ್ದಾಣದ ಬಸ್ಸಿನೊಳಗೆ ಉಳಿದವರೆಲ್ಲ ತುಂಬುವವರೆಗೆ ಕಾದು ನಿಂತು, ಬಾಗಿಲಿನಿಂದ ದೂರ ಸರಿದಿದ್ದ ಕಾರಣಕ್ಕೆ ಕೊನೆಯವನಾಗಿ ವಿಮಾನ ಹತ್ತಿದ್ದೇನೆ. ಬಿಸಿನೆಸ್ ಎಂಬ ಹೆಸರಿದ್ದಲ್ಲೆಲ್ಲ ಲೌಂಜು ಸೇರಿಯೇ ಇರುತ್ತದೆ ಎಂದೂ ನಂಬಬಾರದು. ಟಿಕೆಟ್ಟಿನ ವಿವರದಲ್ಲಿ ಬರೆದಿದೆಯೇ ಎಂದು ನೋಡಿಯೇ ಹಣ ಕಟ್ಟಬೇಕು.

ನಿಮ್ಮಂತೆ ಕೆಲಸಕ್ಕಾಗಿ ಓಡಾಡುವವರಿಗೆ ನಿಜವಾದ ಬೆಲೆಯಿರುವುದು ಟಿಕೆಟ್ಟಿನ ಷರತ್ತುಗಳಲ್ಲಿ. ಮುಂಬೈಯ ಸಭೆ ಮೂರು ಗಂಟೆಗೆ ಮುಗಿಯುವುದೋ ಆರು ಗಂಟೆಗೋ ಎಂದು ಬೆಳಿಗ್ಗೆ ಹೊರಡುವಾಗ ಯಾರಿಗೂ ತಿಳಿದಿರುವುದಿಲ್ಲ. ಅಗ್ಗದ ಎಕಾನಮಿ ಟಿಕೆಟ್ಟಿನಲ್ಲಿ ವಿಮಾನ ಬದಲಿಸಬೇಕಾದರೆ ಬದಲಾವಣೆಯ ಶುಲ್ಕವನ್ನೂ, ಆ ಕ್ಷಣದ ಏರಿದ ದರಕ್ಕೂ ಹಳೆಯ ದರಕ್ಕೂ ಇರುವ ವ್ಯತ್ಯಾಸವನ್ನೂ ತೆರಬೇಕಾಗುತ್ತದೆ. ರದ್ದು ಮಾಡಿದರೆ ಕೈಗೆ ಮರಳುವುದು ಅಲ್ಪ. ಬಿಸಿನೆಸ್ ಟಿಕೆಟ್ಟುಗಳ ಷರತ್ತುಗಳು ಸಾಮಾನ್ಯವಾಗಿ ಇದಕ್ಕಿಂತ ಸಡಿಲ. ಎಕಾನಮಿಯಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಇರುವ ಲಗೇಜಿನ ಮಿತಿ ಇಲ್ಲಿ 25 ಕೆ.ಜಿ. ಅಥವಾ ಅದಕ್ಕೂ ಹೆಚ್ಚಿರುತ್ತದೆ. ಮಾದರಿ ಸಾಮಗ್ರಿ ಹೊತ್ತು ಓಡಾಡುವ ವ್ಯಾಪಾರಿಗೆ ಈ 10 ಕೆ.ಜಿ. ಲೆಕ್ಕಕ್ಕೆ ಬರುತ್ತದೆ, ಒಂದು ಲ್ಯಾಪ್‌ಟಾಪ್ ಚೀಲದೊಂದಿಗೆ ಹೋಗುವವರಿಗೆ ಬರುವುದಿಲ್ಲ. ಆದರೆ ಬದಲಾವಣೆಗೆ ಅವಕಾಶವಿರುವ, ತುಸು ದುಬಾರಿಯಾದ ಎಕಾನಮಿ ದರವೂ ಬಹುತೇಕ ಸಂಸ್ಥೆಗಳಲ್ಲಿ ಉಂಟು. ಬಿಸಿನೆಸ್ ದರವನ್ನು ಹೋಲಿಸಬೇಕಾದದ್ದು ಅದರೊಂದಿಗೆ. ಪುಟದ ಮೇಲ್ಭಾಗದಲ್ಲಿ ಕಾಣುವ ಅತಿ ಅಗ್ಗದ ಅಂಕಿಯೊಂದಿಗೆ ಅಲ್ಲ. ಹೀಗೆ ಹೋಲಿಸಿದಾಗ ನಾಲ್ಕು ಪಟ್ಟೆಂದು ಕಂಡದ್ದು ಒಮ್ಮೊಮ್ಮೆ ಎರಡೂವರೆ ಪಟ್ಟಿಗೆ ಇಳಿಯುವುದುಂಟು.

ನಿಮ್ಮ ತಂದೆಯವರ ವಿಷಯ ಬೇರೆ. ಮಂಡಿ ಮಡಚಲು ಕಷ್ಟಪಡುವವರಿಗೆ 8 ಇಂಚು ಹೆಚ್ಚಿನ ಅಂತರವೆಂಬುದು ವೈಭೋಗವಲ್ಲ. ಆದರೆ ಅವರಿಗೆ ಹೆಚ್ಚು ದಣಿವಾಗುವುದು ವಿಮಾನದೊಳಗಲ್ಲ, ನಿಲ್ದಾಣದ ಉದ್ದುದ್ದ ನಡಿಗೆಯಲ್ಲಿ. ಅದಕ್ಕೆ ಬೇಕಾದ ಗಾಲಿಕುರ್ಚಿಯ ನೆರವು ಎಕಾನಮಿ ಪ್ರಯಾಣಿಕರಿಗೂ ದೊರೆಯುತ್ತದೆ. ಹೊರಡುವುದಕ್ಕೆ 48 ಗಂಟೆ ಮೊದಲೇ ಸಂಸ್ಥೆಗೆ ತಿಳಿಸಿಡಿ, ಮತ್ತು ವಿಮಾನದ ಮೆಟ್ಟಿಲು ಹತ್ತಲಾಗದು ಎಂಬುದನ್ನು ಸ್ಪಷ್ಟವಾಗಿ ಹೇಳಿ. ತುರ್ತು ನಿರ್ಗಮನದ ಸಾಲಿನಲ್ಲಿ ಕಾಲಿಗೆ ಜಾಗ ಹೆಚ್ಚಿರುತ್ತದೆಯಾದರೂ ಆಪತ್ತಿನಲ್ಲಿ ಬಾಗಿಲು ತೆರೆಯಬಲ್ಲವರಿಗೆ ಮಾತ್ರ ಅಲ್ಲಿ ಕೂರಲು ಅನುಮತಿಯಿರುವುದರಿಂದ ಅವರಿಗೆ ಅದು ಸಿಗದು. ಹಾಗಾಗಿ ನಡುದಾರಿಯ ಪಕ್ಕದ ಮುಂಭಾಗದ ಎಕಾನಮಿ ಆಸನವೊಂದನ್ನು ಹೆಚ್ಚುವರಿ ಹಣ ಕೊಟ್ಟು ಪಡೆಯುವುದನ್ನು ಮೊದಲು ಪರಿಶೀಲಿಸಿ. ಬಿಸಿನೆಸ್ ದರ ಅದರ ಎರಡು ಪಟ್ಟಿನೊಳಗೆ ಸಿಕ್ಕರೆ, ಅವರೊಬ್ಬರಿಗಾದರೂ ಹಿಂಜರಿಯದೆ ಕೊಳ್ಳಿ. ನೀವು ಹಿಂದೆ ಕುಳಿತರೆ ನಷ್ಟವೇನಿಲ್ಲ.

ವಿದೇಶದಲ್ಲಿರುವ ಕನ್ನಡಿಗರು ಇದನ್ನು ಯೂರೋಪಿಗೆ ಅನ್ವಯಿಸಿಕೊಳ್ಳುವಾಗ ಎಚ್ಚರವಿರಲಿ. ಲಂಡನ್, ಫ್ರಾಂಕ್‌ಫರ್ಟ್, ಪ್ಯಾರಿಸ್‌ಗಳಿಂದ ಹೊರಡುವ ಅಲ್ಲಿನ ದೊಡ್ಡ ಸಂಸ್ಥೆಗಳ ಕಿರು ಹಾರಾಟಗಳಲ್ಲಿ ಬಿಸಿನೆಸ್ ಆಸನವೆಂದರೆ ಬಹುತೇಕ ಎಕಾನಮಿಯದೇ ಆಸನ. ನಡುವಿನದನ್ನು ಖಾಲಿ ಬಿಟ್ಟು, ಮುಂದೆ ಒಂದು ಪರದೆ ಎಳೆದಿರುತ್ತಾರೆ. ಟಿಕೆಟ್ಟುಗಳು ಹೆಚ್ಚು ಮಾರಾಟವಾದರೆ ಪರದೆಯನ್ನು ಹಿಂದಕ್ಕೆ ಸರಿಸಿದರಾಯಿತು. ನಮ್ಮಲ್ಲಿ ಕೊಟ್ಟ ಹಣಕ್ಕೆ ಕನಿಷ್ಠ ಬೇರೆ ಕುರ್ಚಿಯಾದರೂ ಸಿಗುತ್ತದೆ.

ಕರ್ನಾಟಕದೊಳಗಿನ ಹಾರಾಟಗಳಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ, ಏಕೆಂದರೆ ಚಿಕ್ಕ ನಿಲ್ದಾಣಗಳಿಗೆ ಹೆಚ್ಚಾಗಿ ಬರುವ ಎಟಿಆರ್ 72 ವಿಮಾನಗಳಲ್ಲಿ ನಮ್ಮ ಸಂಸ್ಥೆಗಳು ಒಂದೇ ವರ್ಗವನ್ನು ಇಟ್ಟಿವೆ. 2019ರಲ್ಲಿ ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಹಾರಾಟ ಆರಂಭಿಸಿದ ಸ್ಟಾರ್ ಏರ್ ಇದಕ್ಕೆ ಅಪವಾದ. ಅದರ ಎಂಬ್ರೇಯರ್ ಇ175 ವಿಮಾನದಲ್ಲಿ 64 ಎಕಾನಮಿ ಆಸನಗಳ ಮುಂದೆ 12 ಬಿಸಿನೆಸ್ ಆಸನಗಳಿವೆ. ಆದರೆ ಆ ವಿಮಾನದ ಎಕಾನಮಿಯಲ್ಲಿಯೇ ಎರಡೂ ಕಡೆ ಇಬ್ಬಿಬ್ಬರು ಕೂರುವುದರಿಂದ ನಡುವೆ ಸಿಕ್ಕಿಕೊಳ್ಳುವ ಭಯವಿಲ್ಲ. ಹೆಚ್ಚು ಹಣ ಕೊಡಲು ಇರುವ ಒಂದು ದೊಡ್ಡ ಕಾರಣ ಅಲ್ಲಿ ಮೊದಲೇ ಬಿದ್ದುಹೋಗುತ್ತದೆ. ಎಲ್ಲರೂ ಒಂದೇ ವರ್ಗದಲ್ಲಿ ಕೂರಲಿ ಎಂದ ಏರ್ ಡೆಕ್ಕನ್ 2003ರಲ್ಲಿ ಹಾರಾಟ ಆರಂಭಿಸಿದ್ದೂ ಬೆಂಗಳೂರನ್ನೇ ನೆಲೆಯಾಗಿಸಿಕೊಂಡು. ಎರಡೇ ವರ್ಷಗಳ ನಂತರ ಹಾರಾಟ ಆರಂಭಿಸಿದ, ಬೆಂಗಳೂರಿನದೇ ಆದ ಕಿಂಗ್‌ಫಿಷರ್, ಪ್ರಯಾಣದ ವೈಭವವನ್ನೇ ತನ್ನ ಹೆಗ್ಗುರುತಾಗಿಸಿಕೊಂಡು 2012ರಲ್ಲಿ ಹಾರಾಟ ನಿಲ್ಲಿಸಿತು.

ಕೊಳ್ಳುವುದೇ ಎಂದು ನಿರ್ಧರಿಸಿದ್ದರೆ ಮೊದಲ ದಿನವೇ ಕೊಳ್ಳಬೇಕಾಗಿಲ್ಲ. ಎಕಾನಮಿ ಟಿಕೆಟ್ ಪಡೆದವರಿಗೆ ಹೊರಡುವ ಕೆಲವು ದಿನ ಮೊದಲು ಇಮೇಲಿನಲ್ಲೋ, ಚೆಕ್-ಇನ್ ವೇಳೆಯಲ್ಲೋ, ಹೆಚ್ಚುವರಿ ಹಣಕ್ಕೆ ಮುಂದಿನ ಆಸನ ನೀಡುವ ಪ್ರಸ್ತಾಪ ಬರುವುದುಂಟು. ಖಾಲಿ ಉಳಿಯಲಿರುವ ಆಸನವಾದ್ದರಿಂದ ಆ ದರ ಹಲವು ಬಾರಿ ಮೂಲದರಕ್ಕಿಂತ ಕಡಿಮೆಯಿರುತ್ತದೆ. ಕೊನೆಯ ಗಳಿಗೆಯಲ್ಲಿ ವಿಮಾನವೇ ಬದಲಾಗಿ, ಬಿಸಿನೆಸ್ ಟಿಕೆಟ್ ಕೊಂಡ ನಿಮ್ಮನ್ನು ನಿಮ್ಮ ಇಚ್ಛೆಗೆ ವಿರುದ್ಧವಾಗಿ ಹಿಂದಿನ ಆಸನಕ್ಕೆ ಕಳುಹಿಸಿದರೆ ಸುಮ್ಮನಿರಬೇಡಿ. 2023ರ ಫೆಬ್ರವರಿ 15ರಿಂದ ಜಾರಿಯಲ್ಲಿರುವ, ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ನಿಯಮದಂತೆ, ದೇಶದೊಳಗಿನ ಹಾರಾಟದಲ್ಲಿ ಹೀಗಾದಾಗ ತೆರಿಗೆಯೂ ಸೇರಿದ ಟಿಕೆಟ್ ಹಣದ ಶೇ 75ರಷ್ಟನ್ನು ಸಂಸ್ಥೆಯು ಪ್ರಯಾಣಿಕರಿಗೆ ಮರಳಿಸಬೇಕು. ಬೋರ್ಡಿಂಗ್ ಪಾಸುಗಳೆರಡನ್ನೂ, ಹಳೆಯದನ್ನೂ ಹೊಸದನ್ನೂ, ಎಸೆಯದೆ ಇಟ್ಟುಕೊಳ್ಳಿ.